ಓಲೆ ಎಲ್ಲೋ?

ದೊಡ್ಡಮ್ಮ ಫೋಟೋವನ್ನು ದೂರ ಹಿಡಿದು ನೋಡಿದರು, ಹತ್ತಿರ ತಂದು ನೋಡಿದರು, ಸೆರಗಿನಿಂದ ಒರೆಸಿಯೂ ನೋಡಿದರು. ಮಸುಕು ಹೋಗಲಿಲ್ಲ.

“ಇದಕ್ಕೆ ದುಡ್ಡು ಬೇರೆ ಸುರಿದ್ಯಾ? ಪೊರೆ ತೆಗೆಸೋಕೆ ಮುಂಚೆ ನಂಗೆ ಪುಕ್ಕಟೆ ಹೀಗೇ ಕಾಣ್ತಿತ್ತಲ್ಲೋ!”

ಆ ಮಸುಕಿಗೆಂದೇ ನಾನು 85 ಮಿ.ಮೀ., ಎಫ್ 1.8 ಲೆನ್ಸ್ ಕೊಂಡದ್ದು. ಅದರ ಬೆಲೆಯನ್ನು ಹೆಂಡತಿಗೆ ಕಂತಿನಲ್ಲಿ ಹೇಳುತ್ತಿದ್ದೇನೆ, ಇನ್ನೂ ಎರಡು ಕಂತು ಬಾಕಿ ಇದೆ. ಸ್ಟಾನ್ಲಿ ಕುಬ್ರಿಕ್ ತನ್ನ 1975ರ ‘ಬ್ಯಾರಿ ಲಿಂಡನ್’ ಚಿತ್ರದಲ್ಲಿ, ಝೈಸ್ ಕಂಪನಿ ನಾಸಾಗಾಗಿ ಮಾಡಿದ್ದ ಎಫ್ 0.7 ಲೆನ್ಸ್ ಹಾಕಿ ಬರೀ ಮೇಣದಬತ್ತಿ ಬೆಳಕಿನಲ್ಲಿ ದೃಶ್ಯ ತೆಗೆದ ಕಥೆಯನ್ನೂ ಅವಳಿಗೆ ಹೇಳಿದೆ. “ನಮ್ಮನೇಲಿ ಕರೆಂಟಿದೆ” ಎಂದಳು.

ಮಸುಕಿಗೆ ಜಪಾನಿನವರು ‘ಬೊಕೆ’ ಅನ್ನುತ್ತಾರೆ. ಅವರಲ್ಲಿ ಅದೇ ಮಾತಿಗೆ ಮುಪ್ಪಿನ ಮಂಕು ಎಂಬ ಅರ್ಥವೂ ಇದೆ. ದೊಡ್ಡಪ್ಪನ ಷಷ್ಟಿಪೂರ್ತಿಯ ಫೋಟೋ ಇದು, ಅರವತ್ತಕ್ಕೆ ಅರಳು ಮರಳು ಎಂಬ ಗಾದೆ ನಾಲಗೆ ತುದಿಗೇ ಬಂದಿತ್ತು. ದೊಡ್ಡಪ್ಪ ಎದುರಿಗೇ ಕೂತಿದ್ದರಿಂದ ನುಂಗಿಕೊಂಡೆ.

ಮಸುಕಿನ ಲೆಕ್ಕ ನಿಜಕ್ಕೂ ಸುಲಭ. ಫೋಕಲ್ ಲೆಂಗ್ತನ್ನು ಎಫ್ ಸಂಖ್ಯೆಯಿಂದ ಭಾಗಿಸಿ, ಬೆಳಕು ನುಗ್ಗುವ ಕಿಂಡಿಯ ಅಗಲ ಸಿಗುತ್ತದೆ. 50 ಮಿ.ಮೀ., 1.8ಕ್ಕೆ 28 ಮಿ.ಮೀ.; ನನ್ನ 85ಕ್ಕೆ 47. ಇನ್ನು ಸ್ವಾರಸ್ಯ ಕೇಳಿ: ಬಹುದೂರದಲ್ಲಿ ಉರಿಯುವ ಸೀರಿಯಲ್ ಸೆಟ್‌ನ ಒಂದು ಬಲ್ಬು, ಮುಂದೆ ನಿಂತವರ ಮುಖದ ಅಳತೆಯಲ್ಲಿ ನೋಡಿದರೆ, ಹೆಚ್ಚುಕಡಿಮೆ ಆ ಕಿಂಡಿಯಷ್ಟೇ ಅಗಲಕ್ಕೆ ಅರಳುತ್ತದೆ. 50ರಲ್ಲಿ ದೊಡ್ಡಮ್ಮನ ಕೆನ್ನೆಯ ಪಕ್ಕ ಹತ್ತು ರೂಪಾಯಿ ನಾಣ್ಯ, 85ರಲ್ಲಿ ಲಾಡು. 200 ಮಿ.ಮೀ., ಎಫ್ 2 ಲೆನ್ಸ್ ಇದ್ದರೆ 100 ಮಿ.ಮೀ.ನ ಚಿರೋಟಿಯನ್ನೇ ಬಡಿಸಬಹುದು. ಅದನ್ನು ಕೊಳ್ಳಲು ಸೈಟು ಮಾರಬೇಕು, ನನಗೆ ಸೈಟಿಲ್ಲ.

ಉದ್ದ ಲೆನ್ಸ್ ಹಾಕಿದ್ದರಿಂದಲೇ ಕಿವಿಯ ಓಲೆಯೂ ಮಸುಕಾಗುತ್ತದೆಂದು ಬಹಳ ಜನ ತಿಳಿದಿದ್ದಾರೆ. ಆ ಅಪವಾದ ಸಲ್ಲದು. ನನ್ನ ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 85 ಹಾಕಿ ಒಂದೂವರೆ ಮೀಟರ್ ದೂರ ನಿಂತರೂ, 50 ಹಾಕಿ ಮುಖ ಅಷ್ಟೇ ದೊಡ್ಡದಾಗುವ ಹಾಗೆ 90 ಸೆಂ.ಮೀ. ಹತ್ತಿರ ಹೋದರೂ, 1.8ರಲ್ಲಿ ಸ್ಪಷ್ಟವಾಗಿ ಉಳಿಯುವುದು ಸುಮಾರು 3.5 ಸೆಂ.ಮೀ. ಮಾತ್ರ. ಕಣ್ಣಿನಿಂದ ಕಿವಿಗೆ ಅದಕ್ಕಿಂತ ಹೆಚ್ಚು ದೂರ. ಅಂದರೆ ಓಲೆ ಎರಡರಲ್ಲೂ ಹೋಯಿತು. 50ರಲ್ಲಿ ಹತ್ತಿರ ಹೋದ ತಪ್ಪಿಗೆ ಮೂಗು ಬೇರೆ ಮುಂದೆ ಬರುತ್ತದೆ. 85 ಹಿನ್ನೆಲೆಯ ಒಂದು ಚೂರನ್ನಷ್ಟೇ ಹೆಕ್ಕಿ ಹಿಗ್ಗಿಸುತ್ತದೆ, ಅದರ ಜೊತೆ ಮಸುಕೂ ಹಿಗ್ಗುತ್ತದೆ.

ಇದಿಷ್ಟನ್ನೂ ಕಾಫಿ ಆರುವವರೆಗೆ ವಿವರಿಸಿದೆ. ದೊಡ್ಡಮ್ಮ ಕೇಳಿಸಿಕೊಂಡು, “ಸರಿ, ಏಳು ಕಲ್ಲಿನ ಓಲೆ ಎಲ್ಲೋ?” ಎಂದರು.

ತಿರುಗಿಸಿದ ಇನ್ನೊಂದು ಫೋಟೋದಲ್ಲಿ ಮಂಟಪದ ಹೂವೆಲ್ಲ ಕಲಸಿದ ಕೇಸರಿಬಾತು. “ಅಷ್ಟು ದುಡ್ಡು ಕೊಟ್ಟು ಮಲ್ಲಿಗೆ ಕಟ್ಟಿಸಿದ್ವಿ. ನಮ್ಮ ಮದುವೇಲಿ ಸ್ಟುಡಿಯೋದವನು ಪರದೆ ಮೇಲಿನ ತಾಜ್ ಮಹಲಿನ ನಾಲ್ಕೂ ಕಂಬ ಬರೋ ಹಾಗೆ ತೆಗೆದಿದ್ದ.”

ನನ್ನಲ್ಲಿ ಉತ್ತರವಿರಲಿಲ್ಲ. ಎಫ್ 8ಕ್ಕೆ ಮುಚ್ಚಿದ್ದರೆ ಕಿಂಡಿ 11 ಮಿ.ಮೀ.ಗೂ ಕಡಿಮೆಯಾಗಿ ಓಲೆಯೂ ಬರುತ್ತಿತ್ತು, ಮಲ್ಲಿಗೆಯೂ ತಕ್ಕಮಟ್ಟಿಗೆ ಬರುತ್ತಿತ್ತು. ಆದರೆ 1.8ಕ್ಕೆ ದುಡ್ಡು ತೆತ್ತವನು 8ರಲ್ಲಿ ತೆಗೆಯುವುದೆಂದರೆ, ಮದುವೆ ಊಟಕ್ಕೆ ಹೋಗಿ ಮಜ್ಜಿಗೆ ಕುಡಿದು ಬಂದಂತೆ.

ಕೊನೆಯ ಫೋಟೋದ ಮೇಲೆ ಅವರ ಬೆರಳು ನಿಂತಿತು. ಹೆಗಲಿನ ಹಿಂದೆ ಒಂದು ಗಿಳಿಹಸಿರು ಮೋಡ.

“ಇದೇನಿದು?”

“ಬೀಗಿತ್ತಿ, ದೊಡ್ಡಮ್ಮ. ಊಟದ ಹಾಲಿನ ಬಾಗಿಲ ಹತ್ರ ನಿಂತಿದ್ರಲ್ಲ.”

“ಹೊಸ ಕಾಸಿನ ಸರ ಹಾಕ್ಕೊಂಡಿದ್ರಲ್ಲ, ಅದು?”

“ಅದೂ ಅದರೊಳಗೇ ಇದೆ.”

ದೊಡ್ಡಮ್ಮ ಕನ್ನಡಕ ತೆಗೆದು ಒರೆಸಿ, ಹಾಕಿಕೊಂಡು, ಇನ್ನೊಮ್ಮೆ ನೋಡಿದರು.

“ಇದನ್ನೇ ದೊಡ್ಡದು ಮಾಡಿಸಿ ಕಟ್ಟು ಹಾಕಿಸು. ಹಾಲಿಗೊಂದು, ಬೀಗರ ಮನೆಗೊಂದು.”