ಕ್ಯಾಸೆಟ್ ಪಾರುಪತ್ಯಗಾರರು

ಕರ್ನಾಟಕದ ಅವಿಭಕ್ತ ಕುಟುಂಬಗಳು ಪಾಲಾದಾಗ ಗದ್ದೆ, ತೋಟ, ಬೆಳ್ಳಿ ಚೊಂಬುಗಳ ಹಂಚಿಕೆಗೆ ರಾತ್ರಿಯಿಡೀ ಪಂಚಾಯಿತಿ ನಡೆದಿರಬಹುದಾದರೂ, ಮದುವೆ, ಉಪನಯನ, ಗೃಹಪ್ರವೇಶಗಳ ವಿಡಿಯೊ ಕ್ಯಾಸೆಟ್ಟುಗಳು ಮಾತ್ರ ಯಾವ ಪಾಲುಪಟ್ಟಿಯಲ್ಲೂ ಸೇರದೆ, ಯಾರ ತಕರಾರೂ ಇಲ್ಲದೆ, ಒಬ್ಬ ಹಿರಿಯರ ವಶಕ್ಕೆ ಹೋಗಿರುತ್ತವೆ. ದೇವಸ್ಥಾನದ ಆಡಳಿತ ನೋಡಿಕೊಳ್ಳುವವರಿಗೆ ಪಾರುಪತ್ಯಗಾರರೆಂಬ ಹೆಸರಿರುವಂತೆ ಇವರನ್ನು ಕ್ಯಾಸೆಟ್ ಪಾರುಪತ್ಯಗಾರರೆಂದು ಕರೆಯಬಹುದು. ಸಾಮಾನ್ಯವಾಗಿ ಇವರು ಬ್ಯಾಂಕಿನಿಂದಲೋ ವಿದ್ಯುತ್ ಮಂಡಳಿಯಿಂದಲೋ ನಿವೃತ್ತರಾದವರು, ಹಳೆಯ ರಸೀದಿ ಹರಿಯದವರು, ಟಿವಿ ಬಂದಿದ್ದ ರಟ್ಟಿನ ಪೆಟ್ಟಿಗೆಯನ್ನು ಥರ್ಮೋಕೋಲ್ ಸಮೇತ ಅಟ್ಟದ ಮೇಲೆ ಇಟ್ಟಿರುವವರು.

ಈ ಹುದ್ದೆ ಹುಟ್ಟಿದ್ದು ವಿಎಚ್‌ಎಸ್ ಪದ್ಧತಿಯಿಂದ, ಅಂದರೆ ಅರ್ಧ ಇಂಚು ಅಗಲದ ಕಾಂತೀಯ ಪಟ್ಟಿಯ ಮೇಲೆ ಚಿತ್ರವನ್ನೂ ಧ್ವನಿಯನ್ನೂ ದಾಖಲಿಸುವ, 1976ರಲ್ಲಿ ಜಪಾನಿನ ಜೆವಿಸಿ ಕಂಪನಿ ಮಾರುಕಟ್ಟೆಗೆ ತಂದ ವಿಧಾನದಿಂದ. 1982ರ ಏಷ್ಯನ್ ಕ್ರೀಡಾಕೂಟದ ನೆಪದಲ್ಲಿ ಭಾರತಕ್ಕೆ ಬಣ್ಣದ ದೂರದರ್ಶನ ಬಂದ ಮೇಲೆ, ಛತ್ರದ ಮದುವೆಗಳಲ್ಲಿ ಕ್ಯಾಮೆರಾದವನ ಪಕ್ಕದಲ್ಲಿ ಹ್ಯಾಲೊಜನ್ ದೀಪ ಎತ್ತಿ ಹಿಡಿದ ಹುಡುಗನೊಬ್ಬ ಕಾಣಿಸಿಕೊಳ್ಳತೊಡಗಿದನು. ಆ ದೀಪದ ಝಳಕ್ಕೆ ಪುರೋಹಿತರು ಬೆವರಿ, ಊಟದ ಪಂಕ್ತಿಯಲ್ಲಿ ಹೋಳಿಗೆ ಬಾಯಿಗಿಟ್ಟವರು ಹಾಗೆಯೇ ಸ್ತಬ್ಧರಾಗಿ, ವಧುವಿನ ಮುಖ ಹೃದಯಾಕಾರದ ಚೌಕಟ್ಟಿನೊಳಗೆ ಗಿರಗಿರನೆ ತಿರುಗಿ, ಇವೆಲ್ಲವೂ ಮೂರು ಗಂಟೆಯ ಒಂದು ಕ್ಯಾಸೆಟ್ಟಿನಲ್ಲಿ ಅಡಕವಾದವು.

ಪಾರುಪತ್ಯಗಾರರ ಜಾಗರೂಕತೆಗೆ ಐತಿಹಾಸಿಕ ಕಾರಣವೂ ಉಂಟು. ಕ್ಯಾಸೆಟ್ಟಿನ ಬೆನ್ನಿನಲ್ಲಿರುವ ಪುಟ್ಟ ಪ್ಲಾಸ್ಟಿಕ್ ಚೂರನ್ನು ಮುರಿದರೆ ಅದರ ಮೇಲೆ ಮತ್ತೊಮ್ಮೆ ರೆಕಾರ್ಡ್ ಮಾಡಲಾಗದು, ಆ ತೂತಿಗೆ ಸೆಲ್ಲೊಟೇಪ್ ಅಂಟಿಸಿದರೆ ಮತ್ತೆ ಮಾಡಬಹುದು. ಈ ಎರಡನೆಯ ವಿದ್ಯೆಯನ್ನು ಅರಿತ ಭಾವಮೈದುನನೊಬ್ಬ ಪ್ರತಿ ಕುಟುಂಬದಲ್ಲೂ ಇದ್ದನು. 1988ರಿಂದ 1990ರವರೆಗೆ ದೂರದರ್ಶನದಲ್ಲಿ ‘ಮಹಾಭಾರತ’ ಪ್ರಸಾರವಾಗುತ್ತಿದ್ದಾಗ ಅಂಥವನ ಕೈಚಳಕದಿಂದಾಗಿ, ವಟುವು ಭಿಕ್ಷೆಗೆ ಪಾತ್ರೆ ಒಡ್ಡುವ ಹೊತ್ತಿಗೆ ಸರಿಯಾಗಿ ಕುರುಕ್ಷೇತ್ರದ ಶಂಖ ಮೊಳಗುವ ಉಪನಯನದ ಕ್ಯಾಸೆಟ್ಟುಗಳು ನಿರ್ಮಾಣಗೊಂಡವು. ಅಂದಿನಿಂದ ಕ್ಯಾಸೆಟ್ಟುಗಳು ಕಬ್ಬಿಣದ ಬೀರುವಿಗೆ ಸೇರಿದವು, ಬೀಗದ ಕೈ ಪಾರುಪತ್ಯಗಾರರ ಉಡಿದಾರಕ್ಕೆ ಸೇರಿತು.

ಸಂರಕ್ಷಣೆಯ ವಿಷಯದಲ್ಲಿ ಇವರ ಶ್ರದ್ಧೆ ಪ್ರಶ್ನಾತೀತವಾದದ್ದು, ಪರಿಣಾಮ ಮಾತ್ರ ಚರ್ಚಾಸ್ಪದವಾದದ್ದು. ಕ್ಯಾಸೆಟ್ಟಿನ ಪಟ್ಟಿಯೆಂದರೆ ಪಾಲಿಯೆಸ್ಟರ್ ಹಾಳೆಗೆ ಕಬ್ಬಿಣದ ಆಕ್ಸೈಡಿನ ಸೂಕ್ಷ್ಮ ಕಣಗಳನ್ನು ಒಂದು ಬಗೆಯ ಅಂಟಿನಿಂದ ಲೇಪಿಸಿದ ವಸ್ತುವಾದ್ದರಿಂದ ಅದಕ್ಕೆ ತೇವವೇ ಮೊದಲ ಶತ್ರು. ಮಲೆನಾಡಿನ ಮಳೆಗಾಲದಲ್ಲಿ ಗಾಳಿಯಾಡದ ಬೀರುವಿನೊಳಗೆ ಅದರ ಅಂಚಿಗೆ ಬಿಳಿ ಬೂಷ್ಟು ಕಟ್ಟುತ್ತದೆ, ಇದನ್ನೇ ಸ್ಟುಡಿಯೊದವರು ಫಂಗಸ್ ಎನ್ನುತ್ತಾರೆ. ಪಾರುಪತ್ಯಗಾರರು ಇದಕ್ಕೆ ಪ್ರತಿಯಾಗಿ ನುಸಿಗುಳಿಗೆ ಇಡುತ್ತಾರೆ ಮತ್ತು ಆಯುಧಪೂಜೆಯಂದು ವಿಸಿಆರ್‌ಗೆ ಎಷ್ಟು ಧಾರಾಳವಾಗಿ ಕುಂಕುಮ ಹಚ್ಚುತ್ತಾರೆಂದರೆ ಅದರಲ್ಲಿ ಅರ್ಧ ಕ್ಯಾಸೆಟ್ ತೂರಿಸುವ ಬಾಯಿಯೊಳಗೇ ಬಿದ್ದಿರುತ್ತದೆ.

ಬೆಂಗಳೂರಿನ ಸೊಸೆಯೋ ಅಮೆರಿಕದ ಮಗಳೋ “ಅದನ್ನೆಲ್ಲ ಪೆನ್‌ಡ್ರೈವಿಗೆ ಹಾಕಿಸಿಬಿಡಿ” ಎಂದು ವರ್ಷಗಟ್ಟಲೆ ಪೀಡಿಸಿದ ಮೇಲೆ ಇವರು ಸ್ಟುಡಿಯೊದ ಮೆಟ್ಟಿಲು ಹತ್ತುತ್ತಾರೆ. ವಿಸಿಆರ್ ತಯಾರಿಸುತ್ತಿದ್ದವರಲ್ಲಿ ಕೊನೆಯದೆನಿಸಿದ ಜಪಾನಿನ ಫುನಾಯ್ ಕಂಪನಿಯೂ 2016ರಲ್ಲಿ ಅದನ್ನು ನಿಲ್ಲಿಸಿರುವುದರಿಂದ, ಕೆಲಸ ಮಾಡುವ ಯಂತ್ರವುಳ್ಳ ಸ್ಟುಡಿಯೊದವರೂ ತಮ್ಮ ಮಟ್ಟಿಗೆ ಪಾರುಪತ್ಯಗಾರರೇ ಆಗಿದ್ದು, ಇಬ್ಬರ ಭೇಟಿ ಸಲೀಸಾಗಿ ಆರಂಭವಾಗುವುದಿಲ್ಲ.

“ಸಾರ್, ಫಂಗಸ್ ಹಿಡಿದಿದೆ. ಕ್ಲೀನ್ ಮಾಡದೆ ಹಾಕಿದರೆ ನನ್ನ ಹೆಡ್ ಹೋಗುತ್ತೆ.”

“ಇಪ್ಪತ್ತೈದು ವರ್ಷ ಬೀಗ ಹಾಕಿಟ್ಟಿದ್ದೇನೆ ಕಣಪ್ಪ, ಫಂಗಸ್ ಒಳಗೆ ಹೇಗೆ ಹೋಗುತ್ತೆ?”

ಕ್ಯಾಸೆಟ್ಟಿನ ಚಿತ್ರವನ್ನು ಕಂಪ್ಯೂಟರಿಗೆ ವರ್ಗಾಯಿಸಲು ಅದನ್ನು ವಿಸಿಆರ್‌ನಲ್ಲಿ ಮೊದಲಿಂದ ಕೊನೆಯವರೆಗೆ ಓಡಿಸಲೇಬೇಕಾದ್ದರಿಂದ ಮೂರು ಗಂಟೆಯ ಮದುವೆಗೆ ಮೂರು ಗಂಟೆಯೇ ಹಿಡಿಯುತ್ತದೆ. ಕ್ಯಾಸೆಟ್ಟನ್ನು ಪರರ ಬಳಿ ಬಿಟ್ಟುಬರುವುದು ತತ್ತ್ವಕ್ಕೆ ವಿರುದ್ಧವಾಗಿರುವುದರಿಂದ ಪಾರುಪತ್ಯಗಾರರು ಫ್ಲಾಸ್ಕಿನಲ್ಲಿ ಕಾಫಿ ತುಂಬಿಸಿಕೊಂಡು ಬಂದು ಅಲ್ಲಿಯೇ ಕೂರುತ್ತಾರೆ, ಸ್ಟುಡಿಯೊದ ಹುಡುಗನಿಗೆ “ಇವರು ನಮ್ಮ ಸೋದರತ್ತೆ, ಬಾಳೆಲೆ ಕಡಿಮೆ ಬಿತ್ತು ಅಂತ ರೇಗಾಡುತ್ತಿದ್ದಾರೆ ನೋಡು, ಆ ಕಂಬದ ಹಿಂದೆ ನಿಂತವರು ಮಾತು ಬಿಟ್ಟಿದ್ದ ಚಿಕ್ಕಪ್ಪ, ಆದರೂ ಅಕ್ಷತೆಗೆ ಬಂದರಲ್ಲ” ಎಂದು ವಿವರಿಸುತ್ತಾರೆ. ಆ ಕುಟುಂಬದ ಮದುವೆಯನ್ನು ವ್ಯಾಖ್ಯಾನಸಹಿತ ಪೂರ್ತಿಯಾಗಿ ನೋಡಿದ ಏಕೈಕ ವ್ಯಕ್ತಿ ಆ ಹುಡುಗನಾಗಿದ್ದು, ಅವನು ಕುಟುಂಬಕ್ಕೆ ಯಾವ ವಿಧದಲ್ಲೂ ಸಂಬಂಧಪಟ್ಟವನಲ್ಲ.

ಸಂಬಂಧಪಟ್ಟವರು ನೋಡುವ ಬಗೆ ಬೇರೆ. ಪೆನ್‌ಡ್ರೈವುಗಳಲ್ಲಿ ಸಾಮಾನ್ಯವಾದ ಫ್ಯಾಟ್32 ಎಂಬ ಕಡತವ್ಯವಸ್ಥೆಯಲ್ಲಿ ಒಂದು ಕಡತವು 4 ಗಿಗಾಬೈಟ್ ಮೀರುವಂತಿಲ್ಲವಾದ್ದರಿಂದ ಮದುವೆಯು ಎರಡು ತುಂಡಾಗಿ, ಗಟ್ಟಿಮೇಳದ ನಡುವೆ ಎರಡು ಗಂಟು ಮೊದಲ ಕಡತದಲ್ಲೂ ಮೂರನೆಯದು ಎರಡನೆಯದರಲ್ಲೂ ಬೀಳುತ್ತವೆ. ಮನೆಯವರು ಮೊದಲನೆಯದನ್ನು ಹತ್ತು ನಿಮಿಷ ನೋಡಿ, ತಮಗಿದ್ದ ತಲೆಗೂದಲನ್ನೂ ಇರದಿದ್ದ ಹೊಟ್ಟೆಯನ್ನೂ ಗುರುತಿಸಿಕೊಂಡು ಎದ್ದುಹೋಗುವುದರಿಂದ, ದಾಖಲೆಯ ಪ್ರಕಾರ ದಂಪತಿಗಳ ವಿವಾಹ ಅಪೂರ್ಣವಾಗಿಯೇ ಉಳಿಯುತ್ತದೆ.

ಎಲ್ಲರ ಫೋನಿಗೂ ಕಳಿಸಿದರೆ ತಮ್ಮ ಅಧಿಕಾರಕ್ಕೆ ಅರ್ಥವುಳಿಯದೆಂದು ಪಾರುಪತ್ಯಗಾರರಿಗೆ ಗೊತ್ತಿದೆ, ಕಳಿಸಿದರೂ ಯಾರೂ ನೋಡುವುದಿಲ್ಲವೆಂಬುದು ಅದಕ್ಕಿಂತ ಚೆನ್ನಾಗಿ ಗೊತ್ತಿದೆ. ಡಿಜಿಟಲ್ ಕಡತಗಳ ಮೂರು ಪ್ರತಿಗಳಿರಬೇಕು, ಅವು ಎರಡು ಬಗೆಯ ಸಾಧನಗಳಲ್ಲಿರಬೇಕು, ಒಂದು ಬೇರೆ ಸ್ಥಳದಲ್ಲಿರಬೇಕು ಎಂಬ ತಜ್ಞರ ನಿಯಮವನ್ನು ಇವರು ಅಕ್ಷರಶಃ ಪಾಲಿಸುತ್ತಾರೆ: ಪೆನ್‌ಡ್ರೈವ್ ಬೀರುವಿನ ಮೇಲಿನ ಅರೆಯಲ್ಲಿ, ಹಾರ್ಡ್‌ಡಿಸ್ಕ್ ಕೆಳಗಿನ ಅರೆಯಲ್ಲಿ, ಮೂರನೆಯ ಪ್ರತಿ ಪಕ್ಕದ ಕೋಣೆಯ ಇನ್ನೊಂದು ಬೀರುವಿನಲ್ಲಿ ಇರುತ್ತದೆ, ಮತ್ತು ಅದರ ಬೀಗದ ಕೈಯೂ ಅದೇ ಉಡಿದಾರದಲ್ಲಿ ಇರುತ್ತದೆ.