ನುಸಿಗುಳಿಗೆ ವಾಸನೆಯ ಚರಿತ್ರೆ

ಕೆಜಿಎಫ್ (ಕೋಲಾರ ಚಿನ್ನದ ಗಣಿ) ನೆಲದಿಂದ ನೂರಿಪ್ಪತ್ತು ವರ್ಷಗಳಲ್ಲಿ ಹೊರಬಿದ್ದ ಚಿನ್ನ ಸುಮಾರು 800 ಟನ್ ಅನ್ನುತ್ತಾರೆ. ಚಿನ್ನಕ್ಕೆ ಬೀಗವಿತ್ತು, ಕಾವಲಿತ್ತು. ಅದರ ಲೆಕ್ಕ ಬರೆದ ಕಾಗದವನ್ನು ಕದಿಯುವಷ್ಟು ಪೆದ್ದ ಕಳ್ಳ ಎಲ್ಲಿದ್ದಾನೆ? ಅದಕ್ಕೆ ಆಸೆಪಟ್ಟದ್ದು ಗೆದ್ದಲು ಮಾತ್ರ.

2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಆಮೇಲೆ ಮೈನ್ಸಿನ ಚರಿತ್ರೆಯ ಒಂದು ಪಾಲು ಊರಿಗಾಂ, ರಾಬರ್ಟ್‌ಸನ್‌ಪೇಟೆ, ಬಂಗಾರಪೇಟೆಯ ಮಂಚಗಳಡಿಯ ಟ್ರಂಕು ಸೇರಿಕೊಂಡಿತು: ಸಂಬಳದ ಚೀಟಿ, ಗ್ರೂಪ್ ಫೋಟೋ, ಎದೆಯ ಎಕ್ಸ್‌ರೇ. ನಮ್ಮ ದೊಡ್ಡಮ್ಮ ಇಂಥದ್ದೊಂದು ಟ್ರಂಕಿನ ಒಡತಿ. ರೇಷ್ಮೆ ಸೀರೆಗೆ ಎರಡು ನುಸಿಗುಳಿಗೆ ಹಾಕಿದರೆ ಕಾಗದಕ್ಕೆ ಒಂದು, ಅದೂ ಅರ್ಧ ಕರಗಿದ್ದು. "ಅದೇನು ಉಡೋದೇನಪ್ಪಾ?" ಅನ್ನುತ್ತಾರೆ. ವಾದಿಸಿ ಗೆದ್ದವರಿಲ್ಲ.

ಹುಳುಗಳಿಗಿಂತ ನಮ್ಮ ಅಕ್ಕರೆಯೇ ಹೆಚ್ಚು ಅಪಾಯ. ಹರಿದ ಚೀಟಿಗೆ ಸೆಲೋಟೇಪ್ ಹಚ್ಚುತ್ತೇವೆ; ನಾಲ್ಕಾರು ವರ್ಷಕ್ಕೆ ಟೇಪ್ ಉದುರಿ, ಅಂಟಿನ ಹಳದಿ ಕಲೆ ಕಾಗದದಲ್ಲೇ ಉಳಿಯುತ್ತದೆ. ಲ್ಯಾಮಿನೇಷನ್ ಇನ್ನೂ ಕೇಡು. ಬಿಸಿಗೆ ಅಂಟಿದ ಪ್ಲಾಸ್ಟಿಕ್ಕನ್ನು ಬಿಡಿಸುವುದು ಕೈಲಾಗದ ಮಾತು.

ಎಲ್ಲಕ್ಕಿಂತ ತಮಾಷೆಯದು ಬ್ಲೂಪ್ರಿಂಟ್. ಆ ಕಾಲದ ಗಣಿ ನಕ್ಷೆಗಳೆಂದರೆ ನೀಲಿ ಹಾಳೆಯಲ್ಲಿ ಬಿಳಿ ಗೆರೆ. ಅದಿರಿನಿಂದ ಚಿನ್ನ ಬಿಡಿಸಲು ಸೈನೈಡ್ ಬೇಕು. ಈ ನೀಲಿಯೂ ಕಬ್ಬಿಣ ಮತ್ತು ಸೈನೈಡ್‌ಗಳ ಸಂತಾನವೇ. (ಗಾಬರಿ ಬೇಡ, ಮುಟ್ಟಿದರೆ ಏನೂ ಆಗದು.) ಗೋಡೆಗೆ ತೂಗುಹಾಕಿದರೆ ಬೆಳಕಿಗೆ ಬಣ್ಣ ಮಾಸುತ್ತದೆ. ಹಾಗೆಂದು ಎಸೆಯಬೇಡಿ: ಕತ್ತಲಲ್ಲಿ ಗಾಳಿಯಾಡುವಂತೆ ಕೆಲದಿನ ಇಟ್ಟರೆ ನೀಲಿ ಬಹುಮಟ್ಟಿಗೆ ಮರಳುತ್ತದೆ. ಪಾಳಿ ಮುಗಿಸಿ ಬಂದ ಗಣಿ ಕೆಲಸಗಾರನಂತೆ ಅದಕ್ಕೂ ಒಂದಿಷ್ಟು ನಿದ್ದೆ ಬೇಕು. ಇನ್ನೊಂದು ವಿಚಿತ್ರ: ಹಳೆಯ ಕಾಗದಗಳಿಗೆ ಒಳ್ಳೆಯದೆಂದು ಸಂರಕ್ಷಕರು ಬಳಸುವ ಕ್ಷಾರ ಬೆರೆತ ಹಾಳೆ ಇದಕ್ಕೆ ಶತ್ರು, ನೀಲಿಯನ್ನೇ ತಿಂದುಹಾಕುತ್ತದೆ. ನಕ್ಷೆಯನ್ನು ಕ್ಷಾರವಿಲ್ಲದ ಹಾಳೆಯಲ್ಲಿ ಸುತ್ತಬೇಕು.

ಗಾಳಿಕಾಲದಲ್ಲಿ, ಚಿನ್ನ ಬಿಡಿಸಿ ಉಳಿದ ಪುಡಿ ರಾಶಿಬಿದ್ದ ಸೈನೈಡ್ ಗುಡ್ಡದ ಧೂಳು ಎಲ್ಲರ ಮನೆಗೂ ನುಗ್ಗುತ್ತದೆ. ಅದನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಕಾಗದ ಕೆಟ್ಟಿತೆಂದೇ ಲೆಕ್ಕ. ಒಣ, ಮೆತ್ತನೆ ಬ್ರಷ್ ಸಾಕು. ಶಿವನಸಮುದ್ರದಿಂದ 1902ರಲ್ಲೇ ಕರೆಂಟ್ ತಂದ ಊರಿಗೆ ಕಾಗದಕ್ಕೊಂದು ಒಣ ಕೋಣೆ ಹೊಂದಿಸುವುದು ಕಷ್ಟವಾಗಬಾರದು. ಅಲ್ಲಿಯತನಕ ಬೀರುವೇ ಗತಿ: ಹೊರಗೋಡೆಗೆ ತಾಗದಂತೆ, ನಡುವಿನ ಹಲಗೆಯಲ್ಲಿ, ಹಳೆ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ.

ಸುಣ್ಣಬಣ್ಣಕ್ಕೆ ಮನೆ ಖಾಲಿ ಮಾಡುವಾಗ ಆ ಟ್ರಂಕನ್ನು ಗುಜರಿಯವರಿಗೆ ಕೊಡುವ ಮುನ್ನ ತೆರೆದು ನೋಡಿ. ಪ್ರತಿ ಫೋಟೋದ ಹಿಂದೆ ಪೆನ್ಸಿಲ್ಲಿನಲ್ಲಿ, ಪೆನ್ನಿನಲ್ಲಲ್ಲ, ಬರೆಯಿರಿ: ಇವರು ಯಾರು, ಯಾವ ಶಾಫ್ಟ್, ಯಾವ ವರ್ಷ. ಹೇಳಬಲ್ಲ ಹಿರಿಯರು ಇರುವಾಗಲೇ ಕೇಳಿಕೊಳ್ಳಿ.