ಎಲ್ಲಾ ಅಂದ್ರೆ ಎಲ್ಲಾ ಅಲ್ಲ

(ಕಳಸದ ತೋಟದ ಮನೆ. ನೆಟ್‌ವರ್ಕ್ ಸಿಗುವ ಏಕೈಕ ಕಂಬಕ್ಕೆ ಒರಗಿದ ಟೆಕ್ಕಿ ಮಗ. ಇಣುಕುತ್ತಿರುವ ಸಾಹುಕಾರರು, ತೋಟದ ರೈಟರು.)

ಸಾಹುಕಾರ: ಜಿಸಿಸಿ ಮುಂದೆ ಅಡ್ಡಗೆರೆ ಎಳೆದು ‘ಡಬ್ಲ್ಯೂ-ಆಲ್’ ಅಂದ್ರೆ ಏನೋ?

ಮಗ: ಜಿಸಿಸಿ ಅನ್ನೋ ಕಂಪೈಲರ್‌ಗೆ ‘ಎಲ್ಲಾ ಎಚ್ಚರಿಕೆ ಕೊಡು’ ಅಂತ.

ಸಾಹುಕಾರ: ಎಲ್ಲಾ ಕೊಡುತ್ತಾ?

ಮಗ: ಇಲ್ಲಪ್ಪ. ಇನ್ನಷ್ಟು ಬೇಕಾದ್ರೆ ‘ಡಬ್ಲ್ಯೂ-ಎಕ್ಸ್‌ಟ್ರಾ’.

ರೈಟರ್: ಅಲ್ಲಿಗೆ ಎಲ್ಲಾ ಬಂತು!

ಮಗ: ಆಗಲೂ ಇಲ್ಲ.

ಸಾಹುಕಾರ: ಮೂಡಿಗೆರೆ ಹೋಟೆಲಿನ ಫುಲ್ ಮೀಲ್ಸು, ಮೊಸರು ಎಕ್ಸ್‌ಟ್ರಾ!

ರೈಟರ್: ಸಣ್ಣ ಡಬ್ಲ್ಯೂ ಹಾಕಿದ್ರೆ ಸಣ್ಣ ಎಚ್ಚರಿಕೆಯಾ?

ಮಗ: ಪೂರ್ತಿ ಬಾಯಿ ಮುಚ್ಚಿಕೊಳ್ಳುತ್ತೆ.



ಸಾಹುಕಾರ: ಈ ‘ಓ-ಫಾಸ್ಟ್’?

ಮಗ: ಲೆಕ್ಕ ಬೇಗ ಮುಗಿಯುತ್ತೆ. ದಶಮಾಂಶ ಸ್ವಲ್ಪ ಆಚೀಚೆ ಆಗಬಹುದು.

ಸಾಹುಕಾರ: ರೈಟರೇ, ನಿಮ್ಮ ಮಸ್ಟರ್ ರೋಲ್‌ಗೂ ಇದನ್ನೇ ಹಾಕಿದ್ದೀರಾ?

ರೈಟರ್: (ಕೆಮ್ಮಿ) ಅದಿರಲಿ, ಹೆಸರಿಡೋದನ್ನ ಬಾಳೆಹೊನ್ನೂರು ಕಾಫಿ ಸಂಶೋಧನಾ ಕೇಂದ್ರದವರಿಂದ ಕಲೀಬೇಕು ಸಾರ್. ಅವರ ತಳಿ ಎಸ್ 795! ಕೇಳಿದ ಕೂಡಲೇ ಅರೇಬಿಕಾ ಅಂತ ಗೊತ್ತಾಗುತ್ತೆ.

ಮಗ: ಎಸ್ 274?

ರೈಟರ್: ಅದು ರೋಬಸ್ಟಾ. ಎಷ್ಟು ಸ್ಪಷ್ಟ ನೋಡಿ!

ಸಾಹುಕಾರ: 2007ರಲ್ಲಿ ಚಂದ್ರಗಿರಿ ಅಂತ ಬಂತಲ್ಲ?

ರೈಟರ್: ಅದೊಂದೇ ಸಾರ್ ಗೊಂದಲ. ಹೆಸರು ಗಿರಿ, ಗಿಡ ಗಿಡ್ಡ!